ಚಟ್ನಿ ಬಂದದ್ದು ದುಬೈಯಿಂದ

ಕೇಳಿ ಮಾರಾಯ್ರೆ, ಇವತ್ತು ಗುರುವಾಯನಕೆರೆಯ ಹೋಟೆಲಿನಲ್ಲಿ ಗೋಳಿಬಜೆಗೆ ಎರಡನೇ ಸಲ ಚಟ್ನಿ ಕೇಳಿದೆ. ಪಕ್ಕದಲ್ಲೇ ನಿಂತಿದ್ದ ಸಪ್ಲೈಯರ್ ಜಯಣ್ಣನಿಗೆ ಕೇಳಿಸಲೇ ಇಲ್ಲ. ಸಿಟ್ಟು ಬಂದು ಖಾಲಿ ಬಟ್ಟಲನ್ನು ಗೋಡೆಯ ಸಿಸಿ ಕ್ಯಾಮರಾಕ್ಕೆ ಎತ್ತಿ ತೋರಿಸಿದೆ.

ಕೂಡಲೇ ಕ್ಯಾಶಿಯರನ ಫೋನ್ ರಿಂಗಾಯಿತು. ಹೋಟೆಲಿನ ಧಣಿ ಇರುವುದು ದುಬೈಯಲ್ಲಿ, ಅಲ್ಲಿಂದಲೇ ಮೊಬೈಲಿನಲ್ಲಿ ಎಲ್ಲವನ್ನೂ ನೋಡುತ್ತಾರೆ.

ಫೋನ್ ಇಟ್ಟು ಕ್ಯಾಶಿಯರ್ ಕೂಗಿದ: “ಜಯಣ್ಣ, ಆ ಕನ್ನಡಕದವರಿಗೆ ಚಟ್ನಿ ಕೊಡ್ಬೇಕಂತೆ!”

ಚಟ್ನಿ ಬಂತು. ಅದನ್ನು ಕಂಡ ಆಚೆ ಮೇಜಿನ ಅಜ್ಜ, ತಮ್ಮ ಖಾಲಿ ಚಾ ಗ್ಲಾಸನ್ನೂ ಕ್ಯಾಮರಾಕ್ಕೆ ಹಿಡಿದರು. ಪುನಃ ಫೋನ್.

“ಇದೆಂಥ ಅವಸ್ಥೆ, ನಾನು ಇಲ್ಲಿ ಇಲ್ವಾ?” ಎಂದ ಜಯಣ್ಣ.

ನಾನು ಕೈ ತೊಳೆದು ಬರುವಾಗ ಕ್ಯಾಮರಾದ ಮೇಲೆ ಅವನ ಟವೆಲ್ ಒಣಗುತ್ತಿತ್ತು.

ದುಬೈಯಲ್ಲಿ ಇವತ್ತು ಬೇಗ ಕತ್ತಲಾಯಿತು.