ನಜ್ಜುಗುಜ್ಜಾಗಬೇಕಿದ್ದ ಟೊಪ್ಪಿಗೆ

ನನ್ನ ಸೋದರಮಾವ ಬಡಗಿ. ಮೂವತ್ತೊಂದು ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದರೂ ಅಲ್ಲಿ ಅವರು ಒಂದು ಕುರ್ಚಿ ಮಾಡಲಿಲ್ಲ, ಒಂದು ಬಾಗಿಲು ಮಾಡಲಿಲ್ಲ. ಮಾಡಿದ್ದೆಲ್ಲ ಮುರಿಯುವುದಕ್ಕೆಂದೇ ಹುಟ್ಟಿದ ಸಾಮಾನು. ಇದನ್ನು ಹೇಳಿದರೆ ನೆಂಟರು ನಗುತ್ತಿದ್ದರು. ನಗಲಿ ಬಿಡಿ. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತವರಿಗೇ ಅರ್ಥವಾಗದ ಮಾತನ್ನು ನೆಂಟರು ಅರ್ಥ ಮಾಡಿಕೊಳ್ಳಬೇಕೆಂದರೆ ಹೇಗೆ?

ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಅಣು ಇಂಧನ ಸಾಗಿಸುವ ಪೀಪಾಯಿ. ಗೇಣುದಪ್ಪದ ಉಕ್ಕಿನ ಗೋಡೆ, ಒಂದು ತುದಿಯಲ್ಲಿ ಮುಚ್ಚಳ, ಮುಚ್ಚಳಕ್ಕೆ ಮೂವತ್ತಾರು ಬೋಲ್ಟು. ಸ್ಥಾವರದಲ್ಲಿ ಉರಿದು ಮುಗಿದರೂ ವಿಷ ಇಳಿಯದ ಸರಳುಗಳನ್ನು ಅದರೊಳಗಿಟ್ಟು ಬಿಗಿದು, ಲಾರಿಯ ಮೇಲೆ ಮಲಗಿಸಿ ಊರೂರು ದಾಟಿಸುತ್ತಾರೆ. ಲಾರಿ ಸೇತುವೆಯಿಂದ ಉರುಳಿದರೂ ಆ ಮುಚ್ಚಳ ಬಾಯಿ ಬಿಡಬಾರದು. ಅದಕ್ಕಾಗಿ ಪೀಪಾಯಿಯ ಎರಡು ತುದಿಗೂ ಒಂದೊಂದು ದಪ್ಪ ಟೊಪ್ಪಿಗೆ ಹಾಕುತ್ತಾರೆ. ಹೊರಗೆ ತೆಳು ತಗಡು, ಒಳಗೆ ಮರ. ಬಿದ್ದಾಗ ಮರ ಜಜ್ಜಿ, ಮಡಚಿ, ನಜ್ಜುಗುಜ್ಜಾಗಿ ಪೆಟ್ಟನ್ನೆಲ್ಲ ತಾನೇ ತಿನ್ನಬೇಕು. ಮುಚ್ಚಳಕ್ಕೆ ಪೆಟ್ಟಿನ ಸುದ್ದಿಯೂ ತಲುಪಬಾರದು. ಆ ಟೊಪ್ಪಿಗೆಗಳನ್ನು ಮಾಡುತ್ತಿದ್ದವರು ನಮ್ಮ ಮಾವ.

ಮೆತ್ತನೆಯ, ಬೆಂಡಿನಷ್ಟು ಹಗುರವಾದ ಮರವನ್ನು ಅವರೇ ಆರಿಸುತ್ತಿದ್ದರು. ಪ್ರತಿ ತುಂಡನ್ನೂ ಅಂಗೈಯಲ್ಲಿಟ್ಟು ತೂಗಿ, ಉಗುರಿನಿಂದ ಒತ್ತಿ, ಎಳೆ ಯಾವ ಕಡೆಗೆ ಹೋಗಿದೆ ಎಂದು ಬೆಳಕಿಗೆ ಹಿಡಿದು ನೋಡಿ, ಗೋಂದು ಹಚ್ಚಿ ಜೋಡಿಸುತ್ತಿದ್ದರು. ಎಳೆ ಅಡ್ಡಲಾದರೆ ಮರ ಬೇಗ ಸೋಲುತ್ತದೆ, ನೇರವಾದರೆ ತಡವಾಗಿ ಸೋಲುತ್ತದೆ. ಎಲ್ಲಿ ಯಾವುದು ಬೇಕೆಂಬುದು ಅವರ ಬೆರಳಿಗೆ ಗೊತ್ತಿತ್ತು. ಪ್ರತಿ ಟೊಪ್ಪಿಗೆಗೂ ಒಂದು ಹಾಳೆ. ಕೊನೆಯಲ್ಲಿ ಒಂದು ಸಾಲು: ‘ಈ ಮರ ಈ ಕೆಲಸಕ್ಕೆ ತಕ್ಕದ್ದು.’ ಅದರ ಕೆಳಗೆ ಮಾವನ ರುಜು. ಅದಿಲ್ಲದೆ ಪೀಪಾಯಿ ಗೇಟು ದಾಟುವಂತಿರಲಿಲ್ಲ. ಆ ಹಾಳೆಗಳನ್ನು ಫೈಲಿಗೆ ಸೇರಿಸುವ ಕೆಲಸ ನನ್ನದು, ಕಾಗದಪತ್ರದ ಕೋಣೆಯಲ್ಲಿ.

ಹೀಗಿರುವಾಗ ನಮಗೆ ಹೊಸ ಮುಖ್ಯಸ್ಥರು ಬಂದರು. ಅವರಿಗೆ ನಾವೆಲ್ಲ ಇಟ್ಟ ಹೆಸರು ಇಸ್ತ್ರಿ ಸಾಹೇಬರು. ಅಂಗಿಯಲ್ಲಿ ಒಂದು ಸುಕ್ಕಿಲ್ಲ, ಮಾತಿನಲ್ಲಿ ಒಂದು ಹುರುಳಿಲ್ಲ. ಕೆಲಸದ ಶೆಡ್ಡಿಗೆ ಇಳಿದರೆ ಬೂಟಿನ ಧೂಳು ಒರೆಸಿಕೊಳ್ಳಲು ಜೇಬಿನಲ್ಲೊಂದು ಬಟ್ಟೆ ಇಟ್ಟುಕೊಂಡಿರುತ್ತಿದ್ದರು. ಅವರು ಬಂದ ಮೊದಲ ವರ್ಷ ಒಂದು ಪೀಪಾಯಿಯ ಮಾದರಿಯನ್ನು ಒಂಬತ್ತು ಮೀಟರ್ ಎತ್ತರದಿಂದ ಉಕ್ಕಿನ ಹಾಸಿನ ಮೇಲೆ ಬೀಳಿಸಿ ಪರೀಕ್ಷೆ ಮಾಡಿದ್ದೆವು. ಟೊಪ್ಪಿಗೆ ತುಳಿದ ಡಬ್ಬಿಯಂತಾಯಿತು, ಅಂದರೆ ಹೇಗಾಗಬೇಕಿತ್ತೋ ಹಾಗೇ ಆಯಿತು. ಮಾರನೆಯ ದಿನ ಪೇಪರಿನಲ್ಲಿ ಅದರ ಚಿತ್ರ ಬಂತು, ‘ಇದೇನಾ ಸುರಕ್ಷತೆ?’ ಎಂದು ಕೆಳಗೆ ಬರೆದಿದ್ದರು. ಸಾಹೇಬರ ಮುಖ ಕಪ್ಪಿಟ್ಟಿತು. ಪೇಪರಿನವರಿಗೆ ಸತ್ಯ ತಿಳಿಸಿ ಹೇಳುವ ಬದಲು ಅವರು ಮರವನ್ನೇ ಬದಲಾಯಿಸಲು ಹೊರಟರು.

“ಮೇಸ್ತ್ರಿ, ಈ ಸಲ ಗಟ್ಟಿ ಮರ ಹಾಕಿ. ಒಂದು ಗೀಚೂ ಬೀಳ್ಬಾರ್ದು” ಎಂದರು.

“ಸಾರ್, ಗೀಚು ಬೀಳ್ದೇ ಇದ್ರೆ ಪೆಟ್ಟು ಒಳಗೆ ಹೋಗುತ್ತೆ. ಮೊಟ್ಟೆ ಬೀಳ್ಬೇಕಾದ್ದು ದಿಂಬಿನ ಮೇಲೆ, ಕಲ್ಲಿನ ಮೇಲಲ್ಲ.”

“ಮೊಟ್ಟೆ ಲೆಕ್ಕ ಎಲ್ಲ ಮನೇಲಿ ಇಟ್ಕೊಳ್ಳಿ.”

ಪಕ್ಕದಲ್ಲೇ ಇಬ್ಬರು ಎಂಜಿನಿಯರುಗಳು ನಿಂತಿದ್ದರು. ಮಾವ ಹೇಳಿದ್ದು ಸರಿ ಎಂದು ಅವರಿಗೆ ಗೊತ್ತಿತ್ತು. ಅದನ್ನೇ ಓದಿ ಪದವಿ ಪಡೆದವರು. ಒಬ್ಬ ನೆಲ ನೋಡಿದ, ಇನ್ನೊಬ್ಬ ಸೂರು ನೋಡಿದ. ಅಷ್ಟು ಓದಿದ್ದು ಬಾಯಿಗೆ ಬೀಗ ಹಾಕಿಕೊಳ್ಳುವುದಕ್ಕೇ ಆಗಿದ್ದರೆ ಶಾಲೆಯ ದಾರಿ ಯಾಕೆ ಹಿಡಿಯಬೇಕಿತ್ತೋ.

“ಮಾಡು ಅಂದಿದ್ದು ಮಾಡ್ತೀನಿ ಸಾರ್. ರುಜು ಮಾತ್ರ ಕೇಳ್ಬೇಡಿ” ಎಂದರು ಮಾವ.

“ಮೊದ್ಲು ಪರೀಕ್ಷೆ ಆಗ್ಲಿ. ಆಮೇಲೆ ನೀವೇ ಪೆನ್ನು ಕೇಳ್ಕೊಂಡು ಬರ್ತೀರಿ” ಎಂದು ಸಾಹೇಬರು ಬೂಟು ಒರೆಸಿಕೊಂಡು ಮೇಲೆ ಹೋದರು.

ಪರೀಕ್ಷೆಯ ದಿನ ಬಯಲಿನಲ್ಲಿ ಇನ್ನೂರು ಕುರ್ಚಿ. ಒಪ್ಪಿಗೆ ಕೊಡುವ ಇಲಾಖೆಯಿಂದ ಪರೀಕ್ಷಕಿಯೊಬ್ಬರು ಬಂದು ಒಂದು ಮೂಲೆಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದರು. ಮಾದರಿಯೊಳಗೆ ಇಂಧನವಿರಲಿಲ್ಲ, ಅಷ್ಟೇ ತೂಕದ ಕಬ್ಬಿಣದ ಸರಳುಗಳಿದ್ದವು. ಕ್ರೇನು ಮೇಲೆತ್ತಿತು, ಕೊಂಡಿ ಬಿಟ್ಟಿತು. ಪೀಪಾಯಿ ಉಕ್ಕಿನ ಹಾಸಿನ ಮೇಲೆ ಬಡಿದು, ಮೊಣಕಾಲೆತ್ತರ ಪುಟಿದು, ಮತ್ತೆ ಬಿತ್ತು. ಟೊಪ್ಪಿಗೆ ಮದುಮಗನ ಪೇಟದಂತೆ ಹಾಗೇ ಇತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಪುಟಿದಾಗಲೇ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಪೆಟ್ಟನ್ನು ನುಂಗಿದ್ದರೆ ಅದು ಪುಟಿಯುತ್ತಿರಲಿಲ್ಲ.

ಮಧ್ಯಾಹ್ನ ಪರೀಕ್ಷಕಿಯೂ ಅತಿಥಿಗಳೂ ಊಟಕ್ಕೆ ಹೋದ ಮೇಲೆ ಸೋರಿಕೆ ನೋಡುವವನು ಟೊಪ್ಪಿಗೆ ಬಿಚ್ಚಿ, ಪೀಪಾಯಿಯೊಳಗೆ ಹೀಲಿಯಂ ಅನಿಲ ತುಂಬಿ, ಅದು ಸೋರಿದರೆ ಕೂಗುವ ಯಂತ್ರವನ್ನು ಮುಚ್ಚಳದ ಸುತ್ತ ಹಿಡಿದ. ಯಂತ್ರ ಕೂಗಿತು. ಮೂವತ್ತಾರರಲ್ಲಿ ಹನ್ನೊಂದು ಬೋಲ್ಟು ಎಳೆದು ಉದ್ದವಾಗಿದ್ದವು, ಮುಚ್ಚಳದ ಕೆಳಗೆ ಉಗುರು ತೂರುವಷ್ಟು ಸಂದು. ಅವನು ಅದನ್ನು ಹಾಳೆಯಲ್ಲಿ ಬರೆದು ನನಗೆ ಕೊಟ್ಟ. ಹಿಂದೆಯೇ ಸಾಹೇಬರು ಬಂದರು.

“ಬೋಲ್ಟು ಸರಿ ಇರ್ಲಿಲ್ಲ. ಮರದ್ದೇನೂ ತಪ್ಪಿಲ್ಲ. ಈ ಹಾಳೆ ಈಗ್ಲೇ ಫೈಲಿಗೆ ಬೇಡಮ್ಮ, ಪರೀಕ್ಷಕಿ ಹೋದ್ಮೇಲೆ ಸೇರ್ಸಿ. ನಿಮ್ಮ ಮಾವಂಗೂ ಹೇಳಿ, ನಾಳೆ ಬೆಳಿಗ್ಗೆ ರುಜು ಆಗ್ಬೇಕು. ಆಗ್ಲಿಲ್ಲ ಅಂದ್ರೆ ಮಧ್ಯಾಹ್ನದಿಂದ ಅವ್ರಿಗೆ ಪ್ಯಾಕಿಂಗ್ ಶೆಡ್ಡು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಷ್ಟು ದಿನ ಗಟ್ಟಿಯಿದ್ದ ಬೋಲ್ಟು ಒಂದೇ ಬೆಳಿಗ್ಗೆ ಕೆಟ್ಟುಹೋಗಿತ್ತು. ಆದರೆ ನಾನೇನು ಮಹಾ ಸಾಚಾ? ‘ಆಗ್ಲಿ ಸಾರ್’ ಎಂದು ಹಾಳೆಯನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ತಿಪ್ಪೆ ಸಾರಿಸುವುದಕ್ಕೆ ನಾನೂ ಒಂದು ಕೈ ಹಾಕಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ.

ಸಂಜೆ ಮಾವನ ಮನೆಗೆ ಹೋದೆ. ಬೋಲ್ಟಿನ ವಿಷಯ, ಪ್ಯಾಕಿಂಗ್ ಶೆಡ್ಡಿನ ವಿಷಯ, ಎಲ್ಲ ಹೇಳಿದೆ. ಅವರು ಗೋಂದು ಮೆತ್ತಿದ ಬೆರಳು ಉಜ್ಜುತ್ತಾ ಕೇಳಿದರು. ಪ್ಯಾಕಿಂಗ್ ಶೆಡ್ಡೆಂದರೆ ಹಳೆಯ ಹಲಗೆಗೆ ಮೊಳೆ ಹೊಡೆಯುವ ಜಾಗ. ಮೂವತ್ತೊಂದು ವರ್ಷದ ಕೈಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

“ರುಜು ಹಾಕ್ಬಿಡ್ರಿ ಅತ್ಲಾಗೆ. ಊರಿಗೆಲ್ಲ ನೀವೊಬ್ರೇ ದಿಕ್ಕಾ?” ಎಂದರು ಅತ್ತೆ.

“ನಾನ್ ರುಜು ಹಾಕಿದ್ರೆ ಇದೇ ಮರ ಎಲ್ಲಾ ಪೀಪಾಯಿಗೂ ಹೋಗುತ್ತೆ. ಲಾರಿ ಹೋಗೋದು ಯಾವ ರಸ್ತೇಲಿ ಗೊತ್ತಾ? ಕಿಟಕಿ ತೆಗ್ದು ನೋಡು.”

ಅತ್ತೆ ಕಿಟಕಿಯ ಕಡೆ ನೋಡಿದರು. ಹೊರಗೆ ಮುಖ್ಯರಸ್ತೆ, ಆಚೆ ಬದಿಯಲ್ಲಿ ಶಾಲೆಯ ಕಾಂಪೌಂಡು.

“ಹಂಗಾದ್ರೆ ಹಾಕ್ಬೇಡಿ” ಎಂದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅದೇ ಅತಿಥಿಗಳ, ಪರೀಕ್ಷಕಿಯ ಎದುರು ಸಭೆ. ಸಾಹೇಬರು ಜಾಣರು, ಅದನ್ನು ಒಪ್ಪಬೇಕು. ಮಾವನನ್ನು ವೇದಿಕೆಗೆ ಕರೆದು, ‘ಗೀಚೂ ಬೀಳದ ಟೊಪ್ಪಿಗೆಯ ಶಿಲ್ಪಿ’ ಎಂದು ಹೊಗಳಿ, ಚೌಕಟ್ಟು ಹಾಕಿದ ಪ್ರಶಂಸಾಪತ್ರ ಕೊಟ್ಟು, ಎಲ್ಲರೆದುರು ರುಜು ಹಾಕುವ ಹಾಳೆಯನ್ನೂ ಪೆನ್ನನ್ನೂ ಮುಂದಿಟ್ಟರು. ಅಷ್ಟು ಜನರ ನಡುವೆ ಒಲ್ಲೆ ಎನ್ನಲು ಯಾರಿಗೆ ನಾಲಿಗೆ ಬರುತ್ತದೆ ಎಂಬುದು ಅವರ ಲೆಕ್ಕ. “ಎರಡು ಮಾತಾಡಿ ಮೇಸ್ತ್ರಿ” ಎಂದು ಮೈಕನ್ನೂ ಕೊಟ್ಟರು. ಆ ತಪ್ಪೊಂದನ್ನು ಮಾಡಬಾರದಿತ್ತು.

ಮಾವ ಜನ್ಮದಲ್ಲಿ ಮೈಕು ಹಿಡಿದವರಲ್ಲ. ಚೌಕಟ್ಟನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

“ಇದು ಮುರೀಲಿಲ್ಲ ಅಂತ ನೀವೆಲ್ಲ ಚಪ್ಪಾಳೆ ಹೊಡೆದ್ರಿ. ಇದು ಮುರೀಬೇಕಿತ್ತು. ಮುರೀದೇ ಇದ್ದಿದ್ದಕ್ಕೆ ಒಳಗೆ ಹನ್ನೊಂದು ಬೋಲ್ಟು ಎಳ್ಕೊಂಡು ಹೋಗಿದೆ, ಮುಚ್ಚಳ ಸೋರ್ತಿದೆ. ನನ್ನ ಕೈಯಿಂದ ಇಷ್ಟು ಕೆಟ್ಟ ಕೆಲಸ ಹಿಂದೆ ಯಾವತ್ತೂ ಆಗಿಲ್ಲ. ಇದಕ್ಕೆ ನಾನು ರುಜು ಹಾಕಲ್ಲ.”

ಸಾಹೇಬರು ನಕ್ಕು, “ಮೇಸ್ತ್ರಿಗೆ ಸ್ವಲ್ಪ ಗಾಬರಿ” ಎಂದರು. ಪರೀಕ್ಷಕಿ ನಗಲಿಲ್ಲ. “ಸೋರಿಕೆ ಹಾಳೆ ಎಲ್ಲಿದೆ?” ಎಂದು ಕೇಳಿದರು. ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬ ಮತ್ತೆ ನೆಲ ನೋಡಿದ, ಇನ್ನೊಬ್ಬ ಮತ್ತೆ ಸೂರು ನೋಡಿದ. ನಾನು ಹೋಗಿ ಖಾನೆಯ ಬೀಗ ತೆಗೆದು ಹಾಳೆ ತಂದು ಅವರ ಕೈಗಿಟ್ಟೆ. ಸಾಹೇಬರು ನನ್ನನ್ನು ನೋಡಿದ ನೋಟಕ್ಕೆ ಅವರ ಅಂಗಿಯೇ ಸುಟ್ಟುಹೋಗಬೇಕಿತ್ತು. ಪರೀಕ್ಷಕಿ ಓದಿದರು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಪರೀಕ್ಷೆ ರದ್ದು ಎಂದರು.

ಮಧ್ಯಾಹ್ನದಿಂದಲೇ ಮಾವನಿಗೆ ಪ್ಯಾಕಿಂಗ್ ಶೆಡ್ಡು. ಮಾತಿಗೆ ತಪ್ಪದವರೆಂದರೆ ನಮ್ಮ ಸಾಹೇಬರು. ಆದರೆ ಹೊಸ ಪರೀಕ್ಷೆಗೆ ಮೆತ್ತನೆಯ ಮರವನ್ನೇ ಹಾಕಬೇಕೆಂದು ಇಲಾಖೆಯಿಂದ ಪತ್ರ ಬಂತು, ಎಳೆ ನೋಡಿ ಜೋಡಿಸಬಲ್ಲ ಕೈ ಕಾರ್ಖಾನೆಯಲ್ಲಿ ಇನ್ನೊಂದಿರಲಿಲ್ಲ. ನಾಚಿಕೆಯಿಲ್ಲದೆ ಅವರನ್ನೇ ಆರು ವಾರಕ್ಕೆ ಕರೆಸಿಕೊಂಡರು. ಮಾದರಿಗೂ ಆ ವರ್ಷದ ಪೀಪಾಯಿಗಳಿಗೂ ಟೊಪ್ಪಿಗೆ ಮುಗಿದು ರುಜು ಬಿದ್ದ ದಿನವೇ ಮತ್ತೆ ಮೊಳೆ ಹೊಡೆಯಲು ಅಟ್ಟಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾನು ಕಣ್ಣೀರು ಹಾಕಿದೆ, ಮಾವ ಹಾಕಲಿಲ್ಲ.

ಆ ಮರುಪರೀಕ್ಷೆಗೆ ಕುರ್ಚಿಗಳಿರಲಿಲ್ಲ. ಪರೀಕ್ಷಕಿ, ಸೋರಿಕೆ ನೋಡುವವನು, ಕ್ರೇನಿನವನು, ನಾನು. ಮಾವ ಊಟದ ಬಿಡುವಿನಲ್ಲಿ ಬಂದು ಬೇಲಿಯ ಆಚೆ ನಿಂತಿದ್ದರು. ಪೀಪಾಯಿ ಬಿತ್ತು. ಸದ್ದು ದಪ್ಪವಾಗಿತ್ತು, ಪೀಪಾಯಿ ಪುಟಿಯಲಿಲ್ಲ. ಟೊಪ್ಪಿಗೆಯ ಒಂದು ಮಗ್ಗುಲು ಪೂರ್ತಿ ಒಳಗೆ ಹೋಗಿ, ತಗಡು ಸೀಳಿ, ಮರ ಹಿಟ್ಟಾಗಿ ಹೊರಗೆ ಚೆಲ್ಲಿತ್ತು. ಆ ಅವತಾರ ನೋಡಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೋರಿಕೆ ನೋಡುವವನು ಮುಚ್ಚಳದ ಸುತ್ತ ಎರಡು ಸಲ ಯಂತ್ರ ಆಡಿಸಿ, ಬೇಲಿಯ ಕಡೆ ತಿರುಗಿ ಸೋರಿಕೆ ಇಲ್ಲವೆಂದು ಕೈಯಾಡಿಸಿದ. ಮೂವತ್ತಾರು ಬೋಲ್ಟೂ ಸರಿಯಾಗಿದ್ದವು. ಮಾವ ತಲೆಯಾಡಿಸಿ ಶೆಡ್ಡಿಗೆ ಹೊರಟರು, ಬಿಡುವು ಮುಗಿದಿತ್ತು.

ವರ್ಷದ ಕೊನೆಯಲ್ಲಿ ಕಾರ್ಖಾನೆಯ ವರದಿ ಪುಸ್ತಕ ಅಚ್ಚಾಗಿ ಬಂತು. ಹೊದಿಕೆಯ ಮೇಲೆ ಟೊಪ್ಪಿಗೆ ತೊಟ್ಟ ಪೀಪಾಯಿ, ಪಕ್ಕದಲ್ಲಿ ಇಸ್ತ್ರಿ ಸಾಹೇಬರು. ಅದು ಗಟ್ಟಿ ಮರದ ಪೀಪಾಯಿ. ಗೀಚು ಬೀಳದ್ದು, ಸೋರಿದ್ದು. ಮೆತ್ತನೆಯ ಮರದ್ದರ ಚಿತ್ರ ಒಳಗೂ ಇರಲಿಲ್ಲ, ನೋಡಲು ಚೆನ್ನಾಗಿಲ್ಲವಂತೆ. ಮೈಯೆಲ್ಲ ಉರಿದುಹೋಯಿತು. ಪುಸ್ತಕವನ್ನು ಹಿಡಿದುಕೊಂಡು ಪ್ಯಾಕಿಂಗ್ ಶೆಡ್ಡಿಗೆ ಓಡಿದೆ.

“ನೋಡಿ ಮಾವ, ಇವ್ರ ಯೋಗ್ಯತೆ.”

ಮಾವ ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ತೆಗೆದು, ಚಿತ್ರವನ್ನು ಒಂದು ಕ್ಷಣ ನೋಡಿ, ಪುಸ್ತಕ ವಾಪಸು ಕೊಟ್ಟರು.

“ಹೋಗ್ಲಿ ಬಿಡಮ್ಮ. ರಸ್ತೆ ಮೇಲೆ ಹೋಗೋದು ಫೋಟೋ ಅಲ್ಲ, ಮೆತ್ತನೆ ಮರ.”

ಅವರಿಗೆ ಅಷ್ಟು ಸಾಕಾಗಿತ್ತು. ನನಗೆ ಇನ್ನೂ ಸಾಕಾಗಿಲ್ಲ.