ತೋಳನ ಪಾಲಿನ ಮರಿ

ಬೀರಪ್ಪನ ಕುರಿಮರಿಗಳನ್ನು ಕೊಂದದ್ದು ತೋಳವಲ್ಲ. ನನ್ನ ನಾಯಿಗಳು. ಅದು ನನಗೆ ಆ ದಿನವೇ ಗೊತ್ತಿತ್ತು — ಬೇರೆ ಯಾರೂ ನೋಡುವ ಮೊದಲೇ ಗೊತ್ತಿತ್ತು. ಆದರೂ ತೋಳ ಎಂದೆ. ಬರೆಯಲು ಕುಳಿತರೆ ಕೂರಲಾಗುತ್ತಿಲ್ಲ. ಎರಡು ಸಾಲು ಬರೆದು ಅಂಗಳಕ್ಕೆ ಹೋಗುತ್ತೇನೆ, ಗುಡ್ಡದ ಕಡೆ ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಓದುವವರು ಸಹಿಸಿಕೊಳ್ಳಬೇಕು.

ನನ್ನದು ಹುಮನಾಬಾದ ತಾಲ್ಲೂಕಿನ ದುಬಲಗುಂಡಿ. ಮೆಟ್ರಿಕ್ ಮುಗಿಸಿದ ಮೇಲೆ ಊರಾಚೆಯ ಕಲ್ಲುಗುಡ್ಡಕ್ಕೆ ಅರಣ್ಯ ಕಾವಲುಗಾರನಾಗಿ ಸೇರಿದೆ. ಗುಡ್ಡದ ಬುಡದಲ್ಲಿ ನಮ್ಮ ಹೊಲ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಅಲ್ಲಿ ಬೀರಪ್ಪನ ಕುರಿಗಳನ್ನು ರಾತ್ರಿ ತಂಗಿಸಿ ತರುಬಿಸುತ್ತಿದ್ದೆ. ಅವನು ನನ್ನ ಓರಗೆಯವನು, ನನ್ನನ್ನು ಸಲಿಗೆಯಿಂದ ಶರಣ್ಯಾ ಎಂದು ಕರೆಯುತ್ತಿದ್ದವನು.

ಮರಿಗಳ ಕಿವಿ ಕತ್ತರಿಸಿ ಗುರುತು ಮಾಡುವ ದಿನ ಬೀರಪ್ಪ ಒಂದು ಮರಿಯನ್ನು ಹಾಗೆಯೇ ಬಿಡುತ್ತಿದ್ದ. ಅದು ತೋಳನ ಪಾಲು. ಅವನ ಅಪ್ಪ, ಅಜ್ಜ ಎಲ್ಲರೂ ಹಾಗೆ ಬಿಟ್ಟವರೇ. ತೋಳ ಅದನ್ನು ಒಯ್ದರೆ ಬೆನ್ನಟ್ಟುವಂತಿಲ್ಲ, ಬೈಯುವಂತಿಲ್ಲ. ಒಯ್ಯದಿದ್ದರೆ ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಗುರುತು ಹಾಕಿದ ಮರಿಗಳ ತಂಟೆಗೆ ತೋಳ ಬರುವುದಿಲ್ಲ — ಅದು ಅವರ ನಂಬಿಕೆ. ನಾನು ನಗುತ್ತಿದ್ದೆ.

“ಕಿವಿ ನೋಡಿ ತಿಂತದೇನೋ ತೋಳ? ಸಾಲಿ ಕಲ್ತದೇನು ಅದು?”

“ನೀ ಕಲ್ತೀಯಲ್ಲೋ ಶರಣ್ಯಾ, ಏನ ಬಂತು? ಅದಕ್ಕ ಇಮಾನ ಅದ, ನಿಯತ್ತ ಅದ. ಕೊಟ್ಟಷ್ಟ ತಿಂತದ.”

ತೋಳದ ಬಿಲ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಕಾವಲುಗಾರನಾದ ನನಗೂ ಹೇಳುತ್ತಿರಲಿಲ್ಲ. “ಬಾಣಂತಿ ಕೋಣಿ ಊರಿಗೆಲ್ಲ ತೋರಸ್ತಾರೇನು?” ಎನ್ನುತ್ತಿದ್ದ.

ನನ್ನ ಹತ್ತಿರ ಎರಡು ನಾಯಿಗಳಿದ್ದವು, ಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿ ಓಡಿಸಲು ಸಾಕಿದವು. ದೊಡ್ಡದಕ್ಕೆ ಕೆಂಚ ಎಂದು ಹೆಸರು. ಅದರ ಮೇಲೆ ನನಗೆ ಎಷ್ಟು ಅಭಿಮಾನ ಎಂದರೆ — ಇರಲಿ. ಅದನ್ನು ಹೇಳಿದರೆ ನೆಪ ಹೇಳಿದಂತಾಗುತ್ತದೆ.

ಅಂದು ಬೆಳಿಗ್ಗೆ ಬೀರಪ್ಪ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಗುಡ್ಡದ ಕಡೆ ಹೊರಟ. ಮರಿಗಳು ಹೊಲದಲ್ಲಿ ಮುಳ್ಳುಬೇಲಿ ಕಟ್ಟಿದ ದಡ್ಡಿಯಲ್ಲೇ ಇದ್ದವು. ಅವನ ಹೆಂಡತಿ ಸತ್ತೆಮ್ಮ ನೀರಿಗೆ ಹೋಗಿದ್ದಳು. ಹೋಗುತ್ತ ಅವನು ದಿನವೂ ಕೇಳುವ ಮಾತನ್ನೇ ಕೇಳಿದ: “ನಾಯಿ ಕಟ್ಟೀಯೇನೋ?”

“ಕಟ್ಟೀನಿ, ಹೋಗೋ.”

ಕಟ್ಟಿರಲಿಲ್ಲ. ಎದ್ದು ಕಟ್ಟಿದರಾಯಿತು ಎಂದುಕೊಂಡೆ. ಪಕ್ಕದ ಹೊಲದವನು ಬಂದು ಕುಳಿತ. ಎಲೆಯಡಿಕೆ, ಮಾತು. ಅವನು ಎದ್ದು ಹೋದ ಮೇಲೆ ದಡ್ಡಿಯ ಕಡೆಯಿಂದ ಕೆಂಚ ಬಂತು — ಬಾಲ ಅಲ್ಲಾಡಿಸುತ್ತ ಬಂತು. ಮೂತಿಯೆಲ್ಲ ಕೆಂಪು.

ದಡ್ಡಿಯಲ್ಲಿ ಕಂಡದ್ದನ್ನು ಬರೆಯಲಾರೆ. ನಾಯಿಗಳು ತಿಂದಿರಲಿಲ್ಲ, ಆಟಕ್ಕೆ ಹರಿದುಹಾಕಿದ್ದವು. ನಾನು ಮೊದಲು ಮಾಡಿದ ಕೆಲಸ ಯಾವುದು ಗೊತ್ತೆ? ನಾಯಿಗಳನ್ನು ಬಾವಿಯ ತೊಟ್ಟಿಗೆ ಎಳೆದುಕೊಂಡು ಹೋಗಿ ಮೂತಿ ತೊಳೆದೆ. ಸರಪಳಿ ಹಾಕಿದೆ. ಆಮೇಲೆ ಕೂಗಿದೆ.

ಸತ್ತೆಮ್ಮ ಕೊಡ ಬಿಟ್ಟು ಓಡಿ ಬಂದಳು. “ತೋಳ ಬಂದಿತ್ತು” ಎಂದೆ. “ನನ್ನ ಕಣ್ಣಾರೆ ನೋಡೀನಿ.” ನೋಡಿದೆಯಾ ಎಂದು ಅವಳೇನೂ ಕೇಳಿರಲಿಲ್ಲ.

ಬೀರಪ್ಪ ಬಂದು ಒಂದೊಂದೇ ಮರಿಯ ಕಿವಿ ಎತ್ತಿ ನೋಡಿದ. ಸತ್ತದ್ದೆಲ್ಲ ಗುರುತಿನವು. ಕಿವಿ ಕತ್ತರಿಸದ ಆ ಒಂದು ಮರಿ ಮಾತ್ರ ಮುಳ್ಳುಬೇಲಿಗೆ ಒತ್ತಿಕೊಂಡು ನಡುಗುತ್ತ ನಿಂತಿತ್ತು. ಅವನು ಅದನ್ನೇ ಬಹಳ ಹೊತ್ತು ನೋಡಿದ.

“ತನ್ನ ಪಾಲ ಬಿಟ್ಟು ನನ್ನವು ಕೊಂದದ” ಎಂದ. ಆಮೇಲೆ ನನ್ನ ಕಡೆ ತಿರುಗಿದ. “ಶರಣ್ಯಾ, ಖರೇ ನೋಡೀಯೇನು?”

ಅವನು ನನಗೆ ಇನ್ನೊಂದು ಅವಕಾಶ ಕೊಟ್ಟಿದ್ದ. ಕೇಳುವಾಗ ಅವನ ಮುಖದಲ್ಲಿ ಒಂದು ಆಸೆ ಇತ್ತು — ನಾನು ಇಲ್ಲ ಅನ್ನಲಿ ಎಂಬ ಆಸೆ. ಈಗ ಅದು ಸ್ಪಷ್ಟವಾಗಿ ಕಾಣುತ್ತದೆ. ಆಗಲೂ ಕಂಡಿತ್ತು.

“ಖರೇ” ಎಂದೆ.

ನನ್ನ ಹೊಲದ ತೊಗರಿ ಕಟ್ಟಿಗೆಯ ಬಣವೆಯಿಂದ ಅವನು ಒಂದು ಹೊರೆ ಎಳೆದುಕೊಂಡ. ಇನ್ನೊಂದು ಹೊರೆಯನ್ನು ನಾನು ಹೊತ್ತೆ. ಯಾಕೆ ಹೊತ್ತೆ? ಬೇಡ ಎನ್ನಲು ಸರಕಾರ ನನ್ನನ್ನು ಅಲ್ಲಿ ಇಟ್ಟಿತ್ತು. ಯಾರಿಗೂ ತೋರಿಸದ ಬಿಲವನ್ನು ಅಂದು ಹಾಡಹಗಲು ಅವನೇ ನನಗೆ ತೋರಿಸಿದ — ಹಾಸುಗಲ್ಲಿನ ಕೆಳಗೆ, ಕಾರೆಗಿಡದ ಮರೆಯಲ್ಲಿ, ಒಬ್ಬ ಮನುಷ್ಯ ತೆವಳಿ ಹೋಗುವಷ್ಟು ಸಂದು. ಕಟ್ಟಿಗೆ ತುರುಕಿ ಕೈ ಚಾಚಿದ. “ಕಡ್ಡಿಪೆಟ್ಟಿಗಿ.” ಅವನು ಬೀಡಿ ಸೇದುವವನಲ್ಲ. ಕಡ್ಡಿಪೆಟ್ಟಿಗೆ ನನ್ನ ಜೇಬಿನಲ್ಲಿತ್ತು. ಕೊಟ್ಟೆ.

ಒಳಗಿನಿಂದ ಬಂದ ತೋಳದ ಮರಿಗಳ ಸದ್ದು ನಾಯಿಮರಿಗಳ ಸದ್ದಿನಂತೆಯೇ ಇತ್ತು. ನಾನು ನಾಯಿ ಸಾಕಿದವನು, ಆ ಸದ್ದು ನನಗೆ ಗೊತ್ತು. ಎದುರಿನ ದಿಬ್ಬದ ಮೇಲೆ ತಾಯಿ ನಿಂತಿತ್ತು. ಹತ್ತಿರ ಬರಲಿಲ್ಲ, ಓಡಿಯೂ ಹೋಗಲಿಲ್ಲ. ಬೀರಪ್ಪ ಅದಕ್ಕೆ ಬೆನ್ನು ತಿರುಗಿಸಿ ಕುಳಿತ. ನಾನು ಬೆನ್ನು ತಿರುಗಿಸಲಿಲ್ಲ. ಅದು ನನ್ನನ್ನು ನೋಡುತ್ತಿತ್ತು — ಅಥವಾ ಹೊಗೆಯನ್ನು.

ಆ ಸಂಜೆ ಬೀರಪ್ಪ ಉಳಿದ ಮರಿಯ ಕಿವಿಯನ್ನೂ ಕತ್ತರಿಸಿದ. “ಇನ್ನ ಯಾರ ಪಾಲೂ ಇಲ್ಲ” ಎಂದ. ಅವನು ನಿಲ್ಲಿಸಿದನೆಂದು ಸುತ್ತಲಿನ ಕುರಿಯವರೂ ಪಾಲು ಬಿಡುವುದನ್ನು ನಿಲ್ಲಿಸಿದರು. ಕಂಡಕಂಡಲ್ಲಿ ಬಿಲಗಳಿಗೆ ಕಲ್ಲು ಬಿತ್ತು. ಗುಡ್ಡದಲ್ಲಿ ತೋಳದ ಕೂಗು ನಿಂತಿತು. ವಯಸ್ಸಾದ ಮೇಲೆ ಬೀರಪ್ಪ ಕುರಿಗಳನ್ನು ಮಗನಿಗೆ ಒಪ್ಪಿಸಿ, ಬಸವಕಲ್ಯಾಣದ ಕಡೆ ಮೋರಖಂಡಿಯಲ್ಲಿದ್ದ ಮಗಳ ಮನೆ ಸೇರಿದ.

ಒಮ್ಮೆ ಇಲಾಖೆಯವರು ನಮ್ಮನ್ನೆಲ್ಲ ತರಬೇತಿಗೆಂದು ದೂರದ ಒಂದು ಮಲೆಕಾಡಿನ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದಿದ್ದರು. ಹುಲಿಯ ಹೆಜ್ಜೆಗೆ ಅಲ್ಲಿನವರು ಸುತ್ತ ಕಲ್ಲಿಟ್ಟು ಕಾಯುವುದನ್ನು ನೋಡಿದೆ. ಅಲ್ಲಿಯ ಗಾರ್ಡು ಕೇಳಿದ, ನಿಮ್ಮ ಗುಡ್ಡದಲ್ಲಿ ಏನಿದೆ? “ಏನಿಲ್ರಿ, ಕಲ್ಲು ಅವ” ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈಗ ತೋಳಗಳು ಮರಳಿ ಬಂದಿವೆ. ಕಳೆದ ಮಳೆಗಾಲದಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಬಂದು, ಗುಡ್ಡ ಕಾಯ್ದ ಹಿರಿಯರು ಎಂದು ನನಗೆ ಬಸವಕಲ್ಯಾಣದಲ್ಲಿ ಶಾಲು ಹೊದಿಸಿದರು. ಹೊದಿಸಿಕೊಂಡೆ. ಆ ಶಾಲು ಟ್ರಂಕಿನಲ್ಲಿದೆ. ಟ್ರಂಕು ತೆರೆಯುವುದನ್ನೇ ಬಿಟ್ಟಿದ್ದೇನೆ.

ಇತ್ತೀಚೆಗೆ ಹುಮನಾಬಾದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬೀರಪ್ಪನ ಮೊಮ್ಮಗ ಮಾಳಿಂಗ ಸಿಕ್ಕ. ಅದೇ ಗುಡ್ಡದಲ್ಲಿ ಈಗ ಅವನ ಕುರಿಗಳು.

“ಕಾಕಾ, ನಿಮ್ಮ ತೋಳ ನನ್ನ ಮರಿ ಒಂದು ಮುರದು ಕೊಂದು ಬಿಟ್ಟು ಹೋಗ್ಯದ. ಬರೋಬ್ಬರಿ ಬಂದೋಬಸ್ತ ಮಾಡಾಕತ್ತೇನಿ.”

“ಏನ ಬಂದೋಬಸ್ತೋ?”

“ತೊಗರಿ ಹುಳಕ್ಕ ಹೊಡಿಯೋ ಔಷಧ ಅದಲ್ರಿ. ನಾಳಿ ಮುಂಜಾನಿ ಆ ಸತ್ತ ಮರಿಗೇ ಹಾಕಿ ಇಡ್ತೀನಿ. ನಮ್ಮ ಬೀರಪ್ಪ ಮುತ್ಯಾ ಹೇಳ್ಯಾನ, ಇಮಾನ ಇಲ್ಲದ್ದಕ್ಕ ನೀನೂ ಇಮಾನ ಇಡಬ್ಯಾಡ ಅಂತ.”

ಅಲ್ಲೇ ಹೇಳಬೇಕಿತ್ತು. ಅಕ್ಕಪಕ್ಕ ಜನ ಕುಳಿತಿದ್ದರು — ಅವರಲ್ಲಿ ಇಬ್ಬರು ನನ್ನ ಶಾಲಿನ ಫೋಟೋ ನೋಡಿದವರು. ಔಷಧ ಹಾಕಬೇಡ, ಅಪರಾಧ ಅದು, ಎಂದಷ್ಟೇ ಹೇಳಿದೆ. ಅವನು ನಕ್ಕ. ನಾನು ಚಹಾ ಮುಗಿಸಿದೆ. ಮೊದಲ ಸಲ ಎಳೆಯ ವಯಸ್ಸು, ಹೆದರಿಕೆ ಎನ್ನಬಹುದು. ಈ ಸಲ?

ಮರುದಿನ ಮೊದಲ ಬಸ್ಸಿಗೆ ಮೋರಖಂಡಿಗೆ, ಬೀರಪ್ಪನಲ್ಲಿಗೆ ಹೋದೆ. ಬಸವಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡಲೇ ಎಂದೂ ಅನ್ನಿಸಿತು. ಬೀರಪ್ಪ ಜಗುಲಿಯ ಮೇಲೆ ಉಣ್ಣೆ ನೂಲುತ್ತಿದ್ದ. ಕುಶಲ ಕೇಳಲಿಲ್ಲ ನಾನು. ನಿಂತೇ ಹೇಳಿದೆ. ಎಲ್ಲ ಹೇಳಿದೆ — ತೊಟ್ಟಿ, ಮೂತಿ, ಸರಪಳಿ.

ಅವನು ಉಣ್ಣೆಯನ್ನು ಪಕ್ಕಕ್ಕಿಟ್ಟ.

“ನಾಯಿ ಕಟ್ಟೀಯೇನು ಅಂತ ಕೇಳಿದ್ದೆ ನಿನಗ.”

“ಕೇಳಿದ್ದಿ.”

“ಖರೇ ನೋಡೀಯೇನು ಅಂತನೂ ಕೇಳಿದ್ದೆ.”

“ಕೇಳಿದ್ದಿ, ಬೀರಪ್ಪ.”

“ನನ್ನ ಕೈಲೆ ಸುಡಸಿದೆಲ್ಲೋ.”

ಮಾಳಿಂಗನ ಔಷಧದ ಮಾತು ಹೇಳಿದೆ. ಅವನು ಮೊಬೈಲು ತರಿಸಿ ಮೊಮ್ಮಗನಿಗೆ ಫೋನು ಹಚ್ಚಿದ. ಆ ಕಡೆಯ ದನಿ ನನಗೂ ಕೇಳಿಸಿತು: “ಹಾಕೇನಿ ಮುತ್ಯಾ, ಮುಂಜಾನೇ ಹಾಕಿ ಬಂದೀನಿ.”

“ತಗೀ ಅದನ್ನ” ಎಂದು ಬೀರಪ್ಪ ಕೂಗಿದ. “ಜಲ್ದಿ ಹೋಗಿ ತಗೀ. ನಾನೂ ಬರಾಕತ್ತೇನಿ.”

ದಾರಿಯುದ್ದಕ್ಕೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತೆವು. ಅವನು ನನ್ನ ಕಡೆಗಿದ್ದ ಭುಜವನ್ನು ಒಳಕ್ಕೆ ಎಳೆದುಕೊಂಡಿದ್ದ.

ಗುಡ್ಡದಲ್ಲಿ ಮಾಳಿಂಗ, ಇನ್ನೂ ನಾಲ್ಕಾರು ಕುರಿಯವರು ಸೇರಿದ್ದರು. ಸತ್ತ ಮರಿಯನ್ನು ಆಗಲೇ ತೆಗೆದು ಗುಂಡಿಯಲ್ಲಿ ಇಟ್ಟಿದ್ದರು. ಅದರ ಒಂದು ಪಕ್ಕೆ ಹೊಸದಾಗಿ ಹರಿದಿತ್ತು.

“ಹೇಳು” ಎಂದ ಬೀರಪ್ಪ ನನಗೆ. “ನಾ ಇಷ್ಟ ವರ್ಷ ಇವರಿಗಿ ಸುಳ್ಳ ಹೇಳೀನಿ. ನಿಂದು ನೀನ ಹೇಳು.”

ಅಷ್ಟು ಜನರ ಮುಂದೆ ಹೇಳಿದೆ. ಒಬ್ಬ ಉಗುಳಿದ. ಮಾಳಿಂಗ ಮಾತ್ರ ಕೇಳಿದ: “ಶಾಲ ಹೊದಿಸಿದಾಗ ಹೆಂಗ ಅನಸ್ತು ಕಾಕಾ?” ನಾನು ಸಲಿಕೆ ಎತ್ತಿಕೊಂಡೆ. ಗುಂಡಿಗೆ ಮಣ್ಣು ಎಳೆದೆವು, ಮೇಲೆ ಕಲ್ಲು ಹೇರಿದೆವು. ಬೀರಪ್ಪ ಒಬ್ಬನೇ ಹಾಸುಗಲ್ಲಿನ ಕಡೆ ನಡೆದ. ನಾನು ಹಿಂದೆ ಹೋಗಲಿಲ್ಲ. ಹೋಗುವ ಹಕ್ಕು ನನಗಿರಲಿಲ್ಲ.

ವಿಷ ಹಾಕಿದ ಆ ಪಕ್ಕೆಯನ್ನು ಹರಿದು ತಿಂದದ್ದು ಯಾವುದು — ಕಾಗೆಯೋ, ಊರನಾಯಿಯೋ, ಅಥವಾ ಮರಳಿ ಬಂದ ಆ ಕೆಲವೇ ತೋಳಗಳಲ್ಲಿ ಒಂದೋ — ತಿಳಿಯದು. ಚಹಾದಂಗಡಿಯಲ್ಲಿ ಹೇಳಿದ್ದರೆ ಅದು ತಿಳಿಯಬೇಕಾದ ಸಂಗತಿಯೇ ಆಗುತ್ತಿರಲಿಲ್ಲ.

ಅಂದಿನಿಂದ ದಿನವೂ ಬೆಳಿಗ್ಗೆ ಗುಡ್ಡ ಹತ್ತುತ್ತೇನೆ. ಇಂದೂ ಹೋಗಿದ್ದೆ. ನೀರಿನ ಹೊಂಡದ ಕೆಸರಿನಲ್ಲಿ ಕುರಿಗಳ ಗೊರಸಿನ ಗುರುತುಗಳ ನಡುವೆ ಒಂದು ಸಾಲು ಹೆಜ್ಜೆಗಳಿದ್ದವು, ಉಗುರು ಮೂಡಿದ ಹೆಜ್ಜೆಗಳು. ಮಾಳಿಂಗ ದೂರದಿಂದ ಕೂಗಿ ಕೇಳಿದ: “ಏನ್ರಿ ಕಾಕಾ ಅದು, ನಾಯಿಯೋ ತೋಳವೋ?”

ಮೊಣಕಾಲೂರಿ ನೋಡಿದೆ. ನೋಡುತ್ತಲೇ ಇದ್ದೆ.

“ನೀನ ಬಂದು ನೋಡೋ” ಎಂದೆ. “ನಾ ಹೇಳಂಗಿಲ್ಲ.”