ಝರಿಗೆ ತಿರುಗಿದ ಗಾಡಿ

ನನ್ನ ತಮ್ಮನ ಕೆಮ್ಮಿಗೆ ನಾನು ಈಗಲೂ ಋಣಿ. ಅದು ಬಾರದೇ ಹೋಗಿದ್ದರೆ ಅಪ್ಪ ಸಾಂಗಲಿಯ ಬೆಲ್ಲದ ಅಂಗಡಿ ಬಿಟ್ಟು ಒಂದು ರಾತ್ರಿಯೂ ಹೊರಗೆ ಕಳೆಯುತ್ತಿರಲಿಲ್ಲ. ಮಿರಜದ ಡಾಕ್ಟರರು ಹುಡುಗನಿಗೆ ಹವಾ ಬದಲಾಗಬೇಕು ಎಂದರು. ಮಹಾಬಳೇಶ್ವರಕ್ಕೆ ರಾಜರು ಹೋಗಲಿ, ನಮಗೆ ರಾಜರ ಕಾಡೇ ಸಾಕು ಎಂದು ಅಪ್ಪ ತೀರ್ಮಾನಿಸಿದರು. ಸಂಕ್ರಾಂತಿ ಮುಗಿದ ಮೇಲೆ ಸಂಸ್ಥಾನದವರ ಅಪ್ಪಣೆ ಪಡೆದು, ಎತ್ತಿನ ಗಾಡಿಯಲ್ಲಿ ಡೇರೆ, ಹಾಸಿಗೆ, ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಹೇರಿಕೊಂಡು ಮಿರಜದ ಆಚೆಯ ಗುಡ್ಡ ಹತ್ತಿದೆವು. ಕಲ್ಲು ಮುಳ್ಳು ನೋಡಲು ನಾನೇಕೆ ಬರಲಿ ಎಂದು ಅಪ್ಪನ ತಾಯಿ ಮನೆಯಲ್ಲೇ ಉಳಿದರು. ಅತ್ತೆ ಬಾರದಿದ್ದದ್ದೇ ಅವ್ವನಿಗೆ ಅರ್ಧ ಹವಾ ಬದಲು.

ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಊರಿನಲ್ಲಿ ಇದರಿಂದ ಅವ್ವನಿಗೆ ಏನೂ ಲಾಭವಿರಲಿಲ್ಲ. ಊಟವಾದ ಮೇಲೂ ಕಂದೀಲಿನ ಬೆಳಕಿನಲ್ಲಿ ಕಾಳು ಆರಿಸುವುದು, ಹಿಟ್ಟು ಸಾಣಿಸುವುದು ಇದ್ದೇ ಇರುತ್ತಿತ್ತು. ಗುಡ್ಡದ ಮೇಲೆ ಹಾಗಲ್ಲ. ದೀಪ ಹಚ್ಚಿದರೆ ಕಾಡಿನ ಹುಳಹುಪ್ಪಟೆಯೆಲ್ಲ ಬಂದು ಬಿದ್ದು ಸಾಯುತ್ತವೆ ಎಂದು ಅಪ್ಪ ಕಂದೀಲು ಮುಟ್ಟಗೊಡಲಿಲ್ಲ. ಒಲೆಯಿಲ್ಲ, ಬೆಳಕಿಲ್ಲ, ಕೆಲಸವಿಲ್ಲ. ಅವ್ವ ಮೊದಲು ಏನು ಮಾಡಬೇಕೆಂದು ತಿಳಿಯದೆ ಸೆರಗು ಸರಿಪಡಿಸುತ್ತ ಕುಳಿತಳು. ಆಮೇಲೆ ಕಾಲು ಚಾಚಿದಳು. ಅಪ್ಪನ ಎದುರಿಗೆ ಅವಳು ಕಾಲು ಚಾಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ಕತ್ತಲಾಗುತ್ತಿದ್ದಂತೆ ತವರೂರು ಮ್ಹೈಸಾಳದಲ್ಲಿ ಎಮ್ಮೆಯ ಬಾಲ ಹಿಡಿದು ಕೃಷ್ಣೆಯಲ್ಲಿ ಈಜಿದ್ದನ್ನು ಹೇಳತೊಡಗಿದಳು. ಅಪ್ಪ ನಕ್ಕರು. ಮನೆಯಲ್ಲಿ ಅವರಿಬ್ಬರ ಮಾತೆಂದರೆ ಉಪ್ಪು ತೀರಿದೆ, ಸೀಮೆಎಣ್ಣೆ ತೀರಿದೆ ಎಂಬಷ್ಟೇ. ನನಗೆ ನಿದ್ದೆ ಎಳೆಯುತ್ತಿದ್ದರೂ ಕಣ್ಣು ಮುಚ್ಚಲು ಮನಸ್ಸಾಗಲಿಲ್ಲ.

ಬೆಳಗ್ಗೆ ಡೇರೆ ಬಿಚ್ಚುವ ಹೊತ್ತಿಗೆ ಅವ್ವ, ಇನ್ನೊಂದು ರಾತ್ರಿ ಇರೋಣ ಎಂದು ಕೇಳಿದಳು. ಕೇಳುವುದು ಅವಳಿಗೆ ಸುಲಭದ ಮಾತಲ್ಲ. ಹೊಸ ಸೀರೆಯನ್ನೂ ಅವಳು ಕೇಳಿ ಪಡೆದವಳಲ್ಲ. ಅಂಗಡಿ ಮುಚ್ಚಿದೆ, ನಾಳೆ ನಸುಕಿಗೇ ಹಳ್ಳಿಗಳಿಂದ ಬೆಲ್ಲದ ಗಾಡಿಗಳು ಬರುತ್ತವೆ ಎಂದು ಅಪ್ಪ ತಲೆ ಅಲ್ಲಾಡಿಸಿಬಿಟ್ಟರು. ಅವ್ವ ಮತ್ತೆ ಕೇಳಲಿಲ್ಲ. ಹಾಸಿಗೆ ಸುತ್ತಿದಳು.

ನೀರು ಸೋಸುವುದರಲ್ಲಿ ನಮ್ಮದೊಂದು ಕಟ್ಟಳೆಯಿದೆ. ಸೋಸಿ ಕುಡಿದರೆ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಗಿಂಡಿಯ ನೀರಿನಲ್ಲಿ ಜಾಲಿಸಿ, ಅವು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಬಿಡಬೇಕು. ಬೇರೆ ನೀರಿನಲ್ಲಿ ಅವು ಬದುಕುವುದಿಲ್ಲವಂತೆ. ಅಂದು ಬೆಳಗ್ಗೆಯೂ ಅವ್ವ ಝರಿಗೆ ಬಗ್ಗಿ ಗಿಂಡಿಯನ್ನು ಮೆಲ್ಲಗೆ ಖಾಲಿ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ.

ಗುಡ್ಡ ಇಳಿದು ಮಿರಜದ ದಾರಿಯಲ್ಲಿ ಬಹಳ ದೂರ ಬಂದಿದ್ದೆವು. ಅವ್ವ ಬಾಯಿಗೆ ಬಟ್ಟೆ ಕಟ್ಟಿದ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನಿಗೆ ಹೇಳಿದಳು:

"ಗಾಡಿ ತಿರಗಸ್ರಿ. ಗಿಂಡ್ಯಾಗಿನ ನೀರ ಝರಿಗೆ ಬಿಡೂದ ಮರತೇನಿ."

ನಾನು ಬಾಯಿ ತೆರೆದೆ. ಅವ್ವ ನೋಡಿದ ನೋಟಕ್ಕೆ ಹಾಗೇ ಮುಚ್ಚಿಕೊಂಡೆ. ಅಪ್ಪನೋ ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವರು. ಅಂಗಡಿಗಾಗಿ ಅಷ್ಟು ಜೀವಗಳನ್ನು ಕೊಲ್ಲುವುದು ಅವರಿಂದಾಗದ ಮಾತು. ಗಾಡಿಯವನು ಗೊಣಗಿದ. ಎತ್ತುಗಳು ತಿರುಗಿದವು.

ಝರಿ ಮುಟ್ಟುವಾಗ ಹೊತ್ತು ಇಳಿದಿತ್ತು. ಅವ್ವನಿಗೆ ಗಾಡಿ ಇಳಿಯಲು ಅನುಕೂಲವಾಗಲೆಂದು ಅಪ್ಪ ಗಿಂಡಿಗೆ ಕೈ ಚಾಚಿದರು. ಕೊಡದೆ ಗತಿಯಿರಲಿಲ್ಲ. ಬೆಲ್ಲದ ಪೆಂಟೆಯನ್ನು ಎತ್ತಿ ನೋಡಿಯೇ ತೂಕ ಹೇಳುವ ಕೈ ಅದು. ಅಪ್ಪ ಗಿಂಡಿ ಹಿಡಿದುಕೊಂಡು ತುಸು ನಿಂತರು. ಅವಳು ಇಳಿದ ಮೇಲೆ, ತುಂಬಿದ್ದನ್ನು ಕೊಡುವ ಹಾಗೆ, ಎರಡೂ ಕೈಯಿಂದ ಜೋಪಾನವಾಗಿ ಅವಳಿಗೆ ಕೊಟ್ಟರು.

"ಸಾವಕಾಶ ಬಿಟ್ಟ ಬಾ," ಎಂದರು.

ಗಾಡಿಯವನಿಗೆ ಎತ್ತು ಬಿಚ್ಚಲು ಹೇಳಿದರು. ಮತ್ತೆ ಡೇರೆ ಎದ್ದಿತು. ಬೆಳಕಿರುವಾಗಲೇ ಉಳಿದ ರೊಟ್ಟಿ ತಿಂದೆವು. ಆ ಸಂಜೆ ಅವ್ವ ಬರೀ ನೆಲದ ಮೇಲೆ ಅಂಗಾತ ಮಲಗಿದಳು. ಅಪ್ಪ ತಮ್ಮ ಬಾಲ್ಯದ ಯಾವುದೋ ಕುಸ್ತಿಯ ಕಥೆ ಹೇಳಿ ತಾವೇ ಬಿದ್ದದ್ದನ್ನು ಒಪ್ಪಿಕೊಂಡರು. ಅವ್ವ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಆಮೇಲೆ ನಾವು ಆ ಗುಡ್ಡಕ್ಕೆ ಮತ್ತೆ ಹೋಗಲೇ ಇಲ್ಲ. ಯುದ್ಧ ಬಂತು, ಕಾಡನ್ನು ರಾಜರ ಶಿಕಾರಿಗೆಂದು ಮುಚ್ಚಿದರು, ಕೊನೆಗೆ ಸಂಸ್ಥಾನವೇ ಹೋಯಿತು. ಅವ್ವ ಅದಕ್ಕೂ ಮೊದಲೇ ಹೋದಳು. ಅಡುಗೆಮನೆಯ ಅವ್ವನ ನೆನಪು ನನಗೆ ಬೇಕಾದಷ್ಟಿದೆ. ನನಗೆ ಬೇಕಾದವಳು ಆ ಗುಡ್ಡದ ಅವ್ವ. ಅವಳು ಇನ್ನಷ್ಟು ಸಿಗಬೇಕಿತ್ತು ಎಂದು ಈ ವಯಸ್ಸಿನಲ್ಲೂ ಅನಿಸುತ್ತದೆ.

ಅವಳು ತೀರಿದ ಮೇಲೆ ಒಮ್ಮೆ ಅಪ್ಪನನ್ನು ಕೇಳಿಯೇಬಿಟ್ಟೆ, ಗಿಂಡಿ ಖಾಲಿಯಿದ್ದದ್ದು ನಿಮಗೆ ತಿಳಿದಿತ್ತಲ್ಲವೇ ಎಂದು. ಅವರು ಧೋತರದ ಅಂಚು ನೀವಿಕೊಂಡರು.

"ಗೊತ್ತಿತ್ತು," ಎಂದರು. "ಮರುದಿನಾ ಇಳಿಯೂಮುಂದ ಮತ್ತ ಏನರ ಮರತೇನಿ ಅಂತಾಳೇನೋ ಅಂತ ಮಿರಜ ಮುಟ್ಟೂತನಕಾ ದಾರಿ ನೋಡಿದೆ. ಆಕಿ ಅನ್ನಲಿಲ್ಲ."